ಬಾಲ್ಕನಿಯಲ್ಲಿ ಸೇದಿದವರು ಯಾರು

ನಾನು ನಿಂತಿದ್ದದ್ದು ಸಾಕ್ಷಿಯ ಕುರ್ಚಿಯ ಎಡಕ್ಕೆ, ಕೂತವರ ಭುಜದಿಂದ ಒಂದು ಹೆಜ್ಜೆ ಹಿಂದೆ. ಅಲ್ಲಿಂದ ನ್ಯಾಯಾಧೀಶರ ಮುಖ ಪೂರ್ತಿ ಕಾಣುತ್ತಿತ್ತು, ಸಾಕ್ಷಿಯ ಮುಖ ಅರ್ಧ ಮಾತ್ರ. ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳ ಒಂದು ಮಂಗಳವಾರ, ಗೋಡೆಯ ಗಡಿಯಾರದಲ್ಲಿ ಹನ್ನೆರಡು ಗಂಟೆ ಹತ್ತು ನಿಮಿಷ. ನ್ಯೂಜೆರ್ಸಿಯ ಒಂದು ಕೌಂಟಿ ಕೋರ್ಟಿನಲ್ಲಿ ಬಾಡಿಗೆ ಮನೆಗಳ ವ್ಯಾಜ್ಯ ಕೇಳುವ ಕೋಣೆ ಅದು. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ಆ ನಿಮಿಷದಲ್ಲಿ ನಾನು ಆರು ಇಂಗ್ಲಿಷ್ ಪದಗಳನ್ನು ಆಡಿದೆ. ವ್ಯಾಕರಣದಲ್ಲಿ ಆರೂ ಸರಿಯಿದ್ದವು. ಅರ್ಥದಲ್ಲಿ ತಪ್ಪಿದ್ದವು.

ಆ ದಿನ ನನ್ನ ಕೆಲಸ ದುಭಾಷಿಯದು. ಬ್ರಿಡ್ಜ್‌ವಾಟರ್‌ನ ಆಫೀಸಿಗೆ ಒಂದು ದಿನ ರಜೆ ಹಾಕಿ, ನಲವತ್ತೈದು ಮೈಲಿ ಡ್ರೈವ್ ಮಾಡಿ ಹೋಗಿದ್ದೆ. ಕನ್ನಡಕ್ಕೆ ಕೋರ್ಟಿನಿಂದ ಕರೆ ಬರುವುದು ಅಪರೂಪ. ಬಂದಾಗ ಹೇಳುವುದೂ ಭಾಷೆ, ಕೇಸಿನ ನಂಬರು, ಹಾಜರಾಗಬೇಕಾದ ಹೊತ್ತು, ಇಷ್ಟೇ. ಕೇಸು ಏನು, ಯಾರದು, ಯಾಕೆ ಎಂದು ದುಭಾಷಿಗೆ ಮುಂಚಿತವಾಗಿ ತಿಳಿಸುವ ಪದ್ಧತಿ ಇಲ್ಲ. ತಿಳಿದರೆ ಮನಸ್ಸು ಒಂದು ಕಡೆ ವಾಲುತ್ತದೆ ಎನ್ನುತ್ತಾರೆ. ಏನೂ ತಿಳಿಯದಿದ್ದರೂ ಮನಸ್ಸು ವಾಲುತ್ತದೆ ಎಂಬುದನ್ನು ನಾನು ಆ ದಿನ ಕಲಿತೆ.

ಇಲ್ಲಿ ಬರೆಯುತ್ತಿರುವುದೆಲ್ಲ ಬಾಗಿಲು ತೆರೆದಿದ್ದ ಕೋರ್ಟಿನಲ್ಲಿ ಎಲ್ಲರೆದುರು ನಡೆದದ್ದು. ಹೊರಗೆ ನಡೆದ ಒಂದೆರಡು ಸಂಗತಿಗಳನ್ನು ಆ ಸಾಕ್ಷಿಯ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಅವರು ಈ ಬರಹವನ್ನು ಓದಿ, ಒಂದು ಕಡೆ ತಿದ್ದಿಸಿದ್ದಾರೆ. ಆ ಜಾಗ ಬಂದಾಗ ಹೇಳುತ್ತೇನೆ. ಅವರು ಧಾರವಾಡದ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಅವರ ಹೆಸರು ಇಲ್ಲಿ ಬೇಡ. ಟೀಚರ್ ಎಂದೇ ಕರೆಯುತ್ತೇನೆ.

ಆಗ ನನಗೆ ಗೊತ್ತಿರದಿದ್ದ ಒಂದು ಸಂಗತಿ ಓದುವವರಿಗೆ ಈಗಲೇ ಗೊತ್ತಿರಲಿ. ಆ ಮಂಗಳವಾರದಿಂದ ಮೂರು ವಾರಕ್ಕೆ ಟೀಚರ್ ಅವರ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಇತ್ತು. ಇಪ್ಪತ್ತೊಂದು ವರ್ಷ ದಾಟಿದವರು ಗಾಂಜಾ ಕೊಳ್ಳುವುದು, ಸೇದುವುದು ನ್ಯೂಜೆರ್ಸಿಯಲ್ಲಿ ಈಗ ಅಪರಾಧವಲ್ಲ. ಆದರೆ ಗ್ರೀನ್ ಕಾರ್ಡ್ ಕೊಡುವುದು ರಾಜ್ಯವಲ್ಲ, ಕೇಂದ್ರ. ಕೇಂದ್ರದ ಕಾನೂನಿಗೆ ಅದು ಇನ್ನೂ ನಿಷಿದ್ಧ ವಸ್ತು. ಈ ದೇಶದ ಪ್ರಜೆಯಲ್ಲದವರು ತಾವು ಸೇದಿದ್ದಾಗಿ ಎಲ್ಲಿಯಾದರೂ ಪ್ರಮಾಣ ಮಾಡಿ ಒಪ್ಪಿಕೊಂಡರೆ, ಆ ಮಾತೊಂದೇ ಅವರ ಅರ್ಜಿಯನ್ನು ಕೆಡವಬಲ್ಲದು. ಅಂಗಡಿಯ ಕೌಂಟರಿನಲ್ಲಿ ರಸೀದಿ ಕೊಟ್ಟು ಮಾರುವ ಸಾಮಾನು, ಸೇದಿದವರ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದೆ ಎಂಬುದರ ಮೇಲೆ ಬೇರೆ ಬೇರೆಯಾಗುತ್ತದೆ.

ಒಂಬತ್ತು ಗಂಟೆಗೆ ಕೇಸು ಕೂಗಿದರು. ಫೋರ್ಟ್ ಲೀಯ ಎತ್ತರದ ಕಟ್ಟಡವೊಂದರ ಆಡಳಿತದವರು ಒಂಬತ್ತನೆಯ ಮಹಡಿಯ ಬಾಡಿಗೆದಾರರಿಂದ ಮನೆ ಬಿಡಿಸಬೇಕೆಂದು ಹಾಕಿದ ದಾವೆ. ಕಟ್ಟಡದ ಒಳಗೂ ಬಾಲ್ಕನಿಗಳಲ್ಲೂ ಯಾವ ಹೊಗೆಯನ್ನೂ ಸೇದಕೂಡದೆಂದು ಕರಾರುಪತ್ರದಲ್ಲಿದೆ, ಇವರು ಬಾಲ್ಕನಿಯಲ್ಲಿ ಪದೇ ಪದೇ ಗಾಂಜಾ ಸೇದಿದ್ದಾರೆ, ನೋಟಿಸ್ ಕೊಟ್ಟ ಮೇಲೂ ಸೇದಿದ್ದಾರೆ ಎಂಬುದು ದೂರು. ಆಡಳಿತದ ಪರವಾಗಿ ಒಬ್ಬ ವಕೀಲರಿದ್ದರು. ಟೀಚರ್ ಪರವಾಗಿ ಯಾರೂ ಇರಲಿಲ್ಲ. ಬೂದು ಸೀರೆಯ ಮೇಲೆ ಗಂಡಸರ ಚಳಿಗಾಲದ ಕೋಟು ತೊಟ್ಟು ಒಬ್ಬರೇ ಬಂದು ಕೂತಿದ್ದರು. ಹಣೆ ಖಾಲಿ. ಕೊರಳಲ್ಲಿ ಏನೂ ಇಲ್ಲ. ನಾನು ಅದನ್ನು ನೋಡಿದೆ. ನೋಡಿದ ಕೂಡಲೇ ಒಳಗೆ ಒಂದು ತೀರ್ಮಾನ ಆಗಿಹೋಯಿತು. ಆದದ್ದು ನನಗೇ ತಿಳಿಯಲಿಲ್ಲ.

ದುಭಾಷಿಯ ಪ್ರಮಾಣ ಮಾಡಿದೆ. ನಿಯಮಗಳು ಸರಳ. ಸಾಕ್ಷಿ 'ನಾನು' ಎಂದರೆ ನಾನೂ 'ನಾನು' ಎನ್ನಬೇಕು. ಕೂಡಿಸಬಾರದು, ಕಳೆಯಬಾರದು, ನಯ ಮಾಡಬಾರದು. ನನ್ನದೇ ಮಾತು ಹೇಳಬೇಕಾದರೆ 'ದುಭಾಷಿ' ಎಂದು ನನ್ನನ್ನೇ ಮೂರನೆಯವನಂತೆ ಕರೆದುಕೊಳ್ಳಬೇಕು. ಕೋರ್ಟಿನ ಕಡತಕ್ಕೆ ಹೋಗುವುದು ಇಂಗ್ಲಿಷ್ ಮಾತ್ರ. ಸಾಕ್ಷಿ ಆಡಿದ ಕನ್ನಡ ಅಲ್ಲೇ ಗಾಳಿಗೆ ಹೋಗುತ್ತದೆ. ಕಡತದಲ್ಲಿ ಉಳಿಯುವುದು ನನ್ನ ಬಾಯಿಂದ ಬಂದದ್ದು.

ಮೊದಲ ಸಾಕ್ಷಿ ಕಟ್ಟಡದ ಸೂಪರ್. ನಲ್ಲಿ, ಬಾಯ್ಲರು, ಲಿಫ್ಟು ನೋಡಿಕೊಂಡು ಕಟ್ಟಡದ ನೆಲಮಾಳಿಗೆಯಲ್ಲೇ ಇರುವವರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಅರವತ್ತರ ಹತ್ತಿರದ ಮನುಷ್ಯ. ಇಂಗ್ಲಿಷ್ ಅವರಿಗೂ ಆಮೇಲೆ ಕಲಿತ ಭಾಷೆ. ಒಂದೊಂದೇ ಪದ ಹುಡುಕಿ ಇಡುತ್ತಿದ್ದರು. ಅವರು ಹೇಳುವುದನ್ನೆಲ್ಲ ನಾನು ಟೀಚರ್ ಕಿವಿಯ ಹತ್ತಿರ ಬಗ್ಗಿ ಪಿಸುದನಿಯಲ್ಲಿ ಕನ್ನಡಕ್ಕೆ ಹೇಳುತ್ತಾ ಹೋಗಬೇಕು.

"ಅದು ಗಾಂಜಾ ವಾಸನೆ ಎಂದು ನಿಮಗೆ ಹೇಗೆ ಗೊತ್ತು?" ವಕೀಲರು ಕೇಳಿದರು.

"ಸರ್, ವಾರಕ್ಕೊಮ್ಮೆ ನನ್ನ ತಂಗಿಯ ಮನೆಗೆ ನ್ಯೂಯಾರ್ಕಿಗೆ ಹೋಗುತ್ತೇನೆ. ಬಸ್ಸಿಳಿದರೆ ಅಲ್ಲಿ ಈಗ ಬೇರೆ ವಾಸನೆಯೇ ಇಲ್ಲ."

ನ್ಯಾಯಾಧೀಶರು ನಕ್ಕರು. ಬಿಳಿಗೂದಲಿನ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡುವ ಹೆಂಗಸು. ನನ್ನ ಕನ್ನಡ ತಲುಪಿದ ಮೇಲೆ, ಎರಡು ಕ್ಷಣ ತಡವಾಗಿ, ಟೀಚರ್ ಕೂಡ ನಕ್ಕರು. "ಖರೇನ ಹೇಳ್ತಾರ" ಎಂದು ತಮಗೆ ತಾವೇ ಅಂದುಕೊಂಡರು.

"ಎಷ್ಟು ಸಲ ನೋಡಿದಿರಿ?"

"ನಾಲ್ಕು."

"ಪದೇ ಪದೇ ಎಂದು ದೂರಿನಲ್ಲಿದೆ."

"ದೂರು ಬರೆದವನು ನಾನಲ್ಲ. ನನ್ನ ಪುಸ್ತಕದಲ್ಲಿ ನಾಲ್ಕು ಅಂತಿದೆ. ಒಂದು ಸಲ ನೋಟಿಸ್ ಕೊಡುವ ಮೊದಲು, ಮೂರು ಸಲ ಆಮೇಲೆ."

"ಯಾರು ಸೇದುತ್ತಿದ್ದರು?"

"ನಾನು ಕೆಳಗೆ ಅಂಗಳದಲ್ಲಿದ್ದೆ. ಒಂಬತ್ತನೆ ಮಹಡಿ. ಹೊಗೆ ಕಂಡಿತು. ಮುಖ ಕಾಣಲಿಲ್ಲ."

ಆಡಳಿತದಿಂದ ಸಂಬಳ, ಆಡಳಿತದ ಮನೆಯಲ್ಲೇ ವಾಸ. ನಾಲ್ಕನ್ನು ಹತ್ತೆಂದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಕಂಡದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚು ಹೇಳದ ಆ ಮನುಷ್ಯನನ್ನು ಮೆಚ್ಚಿಕೊಳ್ಳುತ್ತಲೇ ನಾನು ನನ್ನ ಸರದಿಗೆ ಎದ್ದು ನಿಂತೆ.

ಟೀಚರ್ ಕುರ್ಚಿಗೆ ಬಂದರು. ವಕೀಲರ ಪ್ರಶ್ನೆಯನ್ನು ಕನ್ನಡಕ್ಕೆ ತರುವಾಗ ಮೊದಲ ತೊಡಕು ಬಂತು. ಅವರು ಬಳಸಿದ ಇಂಗ್ಲಿಷ್ ಪದಕ್ಕೆ ಇಲ್ಲಿ ಅಂಗಡಿಯ ಬೋರ್ಡಿದೆ, ತೆರಿಗೆ ಇದೆ. ಕನ್ನಡದಲ್ಲಿ ಗಾಂಜಾ ಎಂದರೆ ಪೊಲೀಸ್ ದಾಳಿಯ ಸುದ್ದಿ ನೆನಪಾಗುತ್ತದೆ. ಆದರೂ ಬೇರೆ ಪದ ಇಲ್ಲ, ನಯ ಮಾಡುವ ಹಾಗೂ ಇಲ್ಲ.

"ಆ ಬಾಲ್ಕನಿಯಲ್ಲಿ ಗಾಂಜಾ ಸೇದುವವರು ಯಾರು?" ಎಂದೆ.

ಆ ಪದ ಬಿದ್ದಾಗ ಅವರ ಕಾಣುತ್ತಿದ್ದ ಅರ್ಧ ಮುಖ ಬಿಗಿಯಿತು. ಕೈ ಮಡಿಲಲ್ಲಿತ್ತು. ಹೇಳಿದರು:

"ನಮ್ಮ ಮನಿಯವ್ರು ಸೇದ್ತಾರ್ರೀ."

ನಾನು ಹೇಳಿದೆ: "ದ ಪೀಪಲ್ ಇನ್ ಮೈ ಹೌಸ್ ಸ್ಮೋಕ್."

ಓದುವವರಿಗೆ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ಗಂಡನ ಹೆಸರು ಹಿಡಿಯದ ನಮ್ಮ ಹೆಂಗಸರು 'ನಮ್ಮ ಮನೆಯವರು' ಎಂದೇ ಗಂಡನನ್ನು ಕರೆಯುವುದು. ನನ್ನ ಅಜ್ಜಿ ಹಾಗೆ ಕರೆಯುತ್ತಿದ್ದರು, ತಾಯಿ ಹಾಗೆ ಕರೆಯುತ್ತಾರೆ. ಕನ್ನಡ ಬಲ್ಲ ಯಾರೂ ಎಡವದ ಜಾಗದಲ್ಲಿ ನಾನು ಎಡವಿದೆ. ಅವರ ಹಣೆ ನೋಡಿದ ಗಳಿಗೆಯಲ್ಲೇ ನನ್ನ ಲೆಕ್ಕದಲ್ಲಿ ಅವರಿಗೆ ಗಂಡ ಇರಲಿಲ್ಲ. ಗಂಡನಿಲ್ಲದ ಹೆಂಗಸು ಮನೆಯವರು ಎಂದರೆ ಮನೆಯ ಜನ. 'ಸೇದ್ತಾರೆ' ಎಂಬ ಕ್ರಿಯಾಪದವೂ ನನ್ನನ್ನು ತಡೆಯಲಿಲ್ಲ. ಗೌರವಕ್ಕೂ ಬಹುವಚನಕ್ಕೂ ಕನ್ನಡದಲ್ಲಿ ಅದೊಂದೇ ರೂಪ.

ವಕೀಲರು ಜಾಣರು. ಬಯಸಿದ್ದಕ್ಕಿಂತ ಒಳ್ಳೆಯ ಉತ್ತರ ಸಿಕ್ಕಿತೆಂದು ಅವರಿಗೆ ತಿಳಿಯಿತು. ಅದನ್ನು ಕೆದಕಲಿಲ್ಲ.

"ಆ ಮನೆಯಲ್ಲಿ ವಯಸ್ಕರು ಎಷ್ಟು ಜನ ಇದ್ದೀರಿ?"

"ಇಬ್ರು ರೀ."

"ಇಬ್ಬರು" ಎಂದೆ ಇಂಗ್ಲಿಷಿನಲ್ಲಿ.

"ಸಾಕು, ಬೇರೆ ಪ್ರಶ್ನೆ ಇಲ್ಲ" ಎಂದು ವಕೀಲರು ಕೂತರು. ಮನೆಯ ಜನ ಸೇದುತ್ತಾರೆ, ಮನೆಯಲ್ಲಿರುವುದು ಇಬ್ಬರು. ಕಡತದಲ್ಲಿ ಈಗ ಟೀಚರ್ ತಾವೂ ಸೇದುವುದಾಗಿ ಪ್ರಮಾಣ ಮಾಡಿ ಹೇಳಿದ ಹಾಗಾಯಿತು. ನ್ಯಾಯಾಧೀಶರು ಏನನ್ನೋ ಬರೆದುಕೊಂಡು, ಊಟದ ವಿರಾಮ ಎಂದರು.

ವಿರಾಮದಲ್ಲಿ ದುಭಾಷಿ ಕಕ್ಷಿದಾರರ ಜೊತೆ ಮಾತಾಡುವಂತಿಲ್ಲ. ಕಾರಿಡಾರಿನ ಕೊನೆಯಲ್ಲಿ ಕಾಫಿ ಯಂತ್ರದ ಹತ್ತಿರ ನಿಂತಿದ್ದೆ. ಟೀಚರ್ ನನ್ನಿಂದ ಹತ್ತು ಅಡಿ ದೂರದ ಬೆಂಚಿನಲ್ಲಿ ಬೆನ್ನು ತಿರುಗಿಸಿ ಕೂತು ಫೋನು ಮಾಡಿದರು. ಕೇಳಬೇಕೆಂದು ನಾನು ನಿಂತದ್ದಲ್ಲ. ಆದರೆ ಆ ಇಡೀ ಕಟ್ಟಡದಲ್ಲಿ ಅವರ ಮಾತು ಅರ್ಥವಾಗುತ್ತಿದ್ದವನು ನಾನೊಬ್ಬನೇ.

"ಏನ್ರೀ, ಎದ್ದೀರೇನು? ಗಂಜಿ ಕುಡದ್ರಿ?... ಇನ್ನೂ ಮುಗದಿಲ್ರೀ. ಖರೇನ ಹೇಳೀನಿ. ನೀವು ಸೇದೀರಿ ಅಂತನ ಹೇಳೀನಿ. ಮತ್ತೇನು, ಪ್ರಮಾಣಾ ಮಾಡಿ ಸುಳ್ಳ ಹೇಳ್ಲ್ಯಾ?... ಬೈಬ್ಯಾಡ್ರಿ. ನನ್ನ ಗ್ರೀನ್ ಕಾರ್ಡಿಗೆ ಏನೂ ಆಗೂದಿಲ್ಲ, ನಾ ಏನ್ ಸೇದೀನೇನು? ಮೂರು ವಾರದಾಗ ಇಂಟರ್‌ವ್ಯೂ ಐತಿ, ನೀವು ನನ್ನ ಬಾಜೂಕ ಕೂಡಬೇಕು. ಗುಳಗಿ ತಗೊಂಡು ಮಲಗ್ರಿ."

ಕಾಫಿ ಲೋಟವನ್ನು ಯಂತ್ರದ ಮೇಲಿಟ್ಟೆ. ಬಚ್ಚಲಿಗೆ ಹೋಗಿ ಮುಖ ತೊಳೆದೆ.

ಮನಸ್ಸಿಗೆ ಬಂದದ್ದನ್ನು ಬಂದ ಕ್ರಮದಲ್ಲೇ ಬರೆಯುತ್ತೇನೆ. ಮೊದಲು ಬಂದದ್ದು, ಇದು ಯಾರಿಗೂ ಗೊತ್ತಾಗುವುದಿಲ್ಲ ಎಂಬುದು. ಕನ್ನಡ ಗಾಳಿಗೆ ಹೋಗಿದೆ, ಉಳಿದಿರುವುದು ನನ್ನ ಇಂಗ್ಲಿಷ್, ಅದರಲ್ಲಿ ತಪ್ಪೇ ಕಾಣುವುದಿಲ್ಲ. ಎರಡನೆಯದು, ನಾನೀಗ ಎದ್ದು ತಿದ್ದಿದರೆ, ಊಟದ ಹೊತ್ತಿನಲ್ಲಿ ಇಬ್ಬರು ಕನ್ನಡಿಗರು ಸೇರಿ ಮಾತು ಬದಲಿಸಿದರು ಎಂದು ವಕೀಲರು ಹೇಳುತ್ತಾರೆ, ಆಗ ಅವರ ಖರೇ ಮಾತೂ ಸುಳ್ಳಿನಂತೆ ಕಾಣುತ್ತದೆ. ಮೂರನೆಯದು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಕದ್ದು ಕೇಳಿದ ಫೋನಿನ ಮಾತನ್ನು ನಾನು ಕೋರ್ಟಿಗೆ ಒಯ್ಯುವಂತಿಲ್ಲ. ಅದು ಸಾಕ್ಷ್ಯವಲ್ಲ, ಅವರ ಸ್ವಂತ ಮಾತು. ಹಾಗಾದರೆ ನನ್ನ ಕೈಯಲ್ಲಿ ಉಳಿಯುವುದೇನು? ಒಂದು ಪದ. ಅದಕ್ಕೆ ಎರಡು ಅರ್ಥ ಇದೆ, ನಾನು ಕೇಳದೆ ಒಂದನ್ನು ಆರಿಸಿದೆ. ಅಷ್ಟನ್ನು ಮಾತ್ರ ಹೇಳಬಹುದು. ಅಷ್ಟನ್ನು ಹೇಳಲೇಬೇಕು.

ಒಂದೂವರೆಗೆ ಕೋರ್ಟು ಮತ್ತೆ ಕೂತಿತು. ನ್ಯಾಯಾಧೀಶರು ಬಾಯಿ ತೆರೆಯುವ ಮೊದಲೇ ನಾನು ಎದ್ದೆ.

"ಮಾನ್ಯರೇ, ದುಭಾಷಿಯು ಬೆಳಗಿನ ಒಂದು ಉತ್ತರವನ್ನು ತಿದ್ದಲು ಅನುಮತಿ ಕೇಳುತ್ತಾನೆ."

ವಕೀಲರು ನಾನು ಅಂದುಕೊಂಡದ್ದಕ್ಕಿಂತ ಬೇಗ ಎದ್ದರು. "ಊಟದ ಹೊತ್ತಿನಲ್ಲಿ ಯಾರು ಯಾರ ಜೊತೆ ಮಾತಾಡಿದರು ಎಂದು ಮೊದಲು ತಿಳಿಯಬೇಕು."

"ದುಭಾಷಿ ಸಾಕ್ಷಿಯ ಜೊತೆ ಮಾತಾಡಿಲ್ಲ" ಎಂದೆ. "ಸಾಕ್ಷಿ ಫೋನಿನಲ್ಲಿ ಮಾತಾಡಿದ್ದು ದುಭಾಷಿಯ ಕಿವಿಗೆ ಬಿದ್ದಿದೆ. ಏನು ಬಿದ್ದಿತೆಂದು ಕೋರ್ಟು ಕೇಳಿದರೆ ಮಾತ್ರ ಹೇಳುತ್ತಾನೆ."

ನ್ಯಾಯಾಧೀಶರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಕೇಳುವುದಿಲ್ಲ. ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಪದದ ಬಗ್ಗೆ ಹೇಳಿ."

ಹೇಳಿದೆ. ಸಾಕ್ಷಿ ಆಡಿದ ಎರಡು ಪದಗಳಿಗೆ ಮನೆಯ ಜನ ಎಂಬ ಅರ್ಥವಿದೆ, ಗಂಡ ಎಂಬ ಅರ್ಥವೂ ಇದೆ. ಎರಡನೆಯದೇ ಹೆಚ್ಚು ಬಳಕೆ. ಯಾವುದೆಂದು ಸಾಕ್ಷಿಯನ್ನು ಕೇಳಿ ಹೇಳಬೇಕಿತ್ತು. ಕೇಳಲಿಲ್ಲ.

"ಎರಡನೆಯದೇ ಹೆಚ್ಚು ಬಳಕೆ ಅನ್ನುತ್ತೀರಿ. ಮತ್ತೆ ಮೊದಲನೆಯದನ್ನು ಯಾಕೆ ಆರಿಸಿದಿರಿ?"

ಹೇಳಬಹುದಾದ ಸುಲಭ ಉತ್ತರಗಳು ಇದ್ದವು. ಉತ್ತರ ಕರ್ನಾಟಕದ ಮಾತು, ನಾನು ಮೈಸೂರಿನ ಕಡೆಯವನು ಎನ್ನಬಹುದಿತ್ತು. ಅದು ಸುಳ್ಳಾಗುತ್ತಿತ್ತು. ನಿಜ ಹೇಳಿದೆ. ನಮ್ಮಲ್ಲಿ ಬಹಳ ಹಿಂದೂ ಹೆಂಗಸರು ಗಂಡ ಇರುವವರೆಗೆ ಹಣೆಗೆ ಕುಂಕುಮ ಇಡುತ್ತಾರೆ, ಸಾಕ್ಷಿಯ ಹಣೆ ಖಾಲಿ ಇತ್ತು, ಅವರಿಗೆ ಗಂಡ ಇಲ್ಲವೆಂದು ದುಭಾಷಿ ಊಹಿಸಿದ, ಊಹಿಸಿದ್ದು ಅವನಿಗೇ ತಿಳಿದಿರಲಿಲ್ಲ.

ಇಲ್ಲಿ ನನ್ನ ಕೆಲಸದ ಒಂದು ನಿಯಮ ನನ್ನ ಮೇಲೆಯೇ ಬಂತು. ಕೋರ್ಟಿನಲ್ಲಿ ಆಡಿದ ಪ್ರತಿ ಮಾತೂ ಕಕ್ಷಿದಾರರಿಗೆ ಅವರ ಭಾಷೆಯಲ್ಲಿ ತಲುಪಬೇಕು. ನಾನೀಗ ಆಡಿದ್ದೂ ತಲುಪಬೇಕು. ತಲುಪಿಸಬೇಕಾದವನು ನಾನೇ.

ಅವರ ಕಡೆಗೆ ತಿರುಗಿದೆ. ಮೊದಲ ಸಲ ಅವರ ಮುಖ ಪೂರ್ತಿ ನೋಡಿದೆ. "ನಿಮ್ಮ ಹಣೆ ಖಾಲಿ ಇದ್ದದ್ದು ನೋಡಿ, ನಿಮ್ಮ ಯಜಮಾನರು ಇಲ್ಲ ಅಂದುಕೊಂಡೆ. ಅದಕ್ಕೇ ನಿಮ್ಮ ಮಾತನ್ನು ತಪ್ಪಾಗಿ ಹೇಳಿದೆ. ನೀವಿಬ್ಬರೂ ಸೇದುತ್ತೀರಿ ಅನ್ನುವ ಹಾಗೆ ಹೇಳಿದೆ."

ಇದನ್ನು ಮೊದಲು ಬರೆದಾಗ, ಅವರು ನಕ್ಕರು ಎಂದು ಬರೆದಿದ್ದೆ. ಓದಿ ಅವರು ಫೋನು ಮಾಡಿದರು. "ನಕ್ಕಿಲ್ರೀ ಸರ. ತುಟಿ ಕಚ್ಚಿ ಹಿಡದಿದ್ದೆ. ಮನಿಯಾಗ ಅವರು ಆ ಸ್ಥಿತಿಯಾಗ ಇದ್ರು, ನೀವು ಇಲ್ಲ ಅಂದಬಿಟ್ರಿ. ನಗೂ ಮಾತೇನದು?" ಹೀಗಾಗಿ ಆ ವಾಕ್ಯವನ್ನು ತೆಗೆದಿದ್ದೇನೆ. ನಾನು ಕಂಡದ್ದು ತುಟಿ ಅಲುಗಿದ್ದು ಮಾತ್ರ.

ಆಮೇಲೆ ಅವರು ಮಾತಾಡಿದರು. ಅದನ್ನು ನಾನು ಒಂದು ಪದ ಬಿಡದೆ ಇಂಗ್ಲಿಷಿಗೆ ತಂದೆ.

"ನಾವು ಕ್ರಿಶ್ಚಿಯನ್ರು ರೀ. ಹಣಿಗೆ ಹಚ್ಚೂದಿಲ್ಲ. ನಮ್ಮ ಯಜಮಾನ್ರು ಅದಾರ. ಫೋರ್ಟ್ ಲೀಯಾಗ ಹಾಸಿಗಿ ಮ್ಯಾಲ ಅದಾರ. ಸೇದಿದವರು ಅವರೊಬ್ರ. ನಾ ಸೇದಿಲ್ಲ. ಪೊಟ್ಟಣ ಸೈತ ಮುಟ್ಟಿಲ್ಲ."

ಬೇರೆ ದುಭಾಷಿಯನ್ನು ಕರೆಸಬೇಕೇ, ಅದಕ್ಕೆ ಇನ್ನೊಂದು ದಿನ ಕೊಡಬಹುದು, ಎಂದು ನ್ಯಾಯಾಧೀಶರು ಕೇಳಿದರು. ನನ್ನನ್ನು ತೆಗೆಯುವ ಪ್ರಶ್ನೆಯನ್ನೂ ನಾನೇ ಕನ್ನಡಕ್ಕೆ ತಂದು ಅವರ ಮುಂದಿಟ್ಟೆ.

"ಬ್ಯಾಡ್ರಿ. ಮೂವತ್ತು ವರ್ಷ ಸಾಲಿ ಕಲಿಸೀನಿ. ತಾನ ಎದ್ದು ನಿಂತು ತಪ್ಪು ಒಪ್ಪಿಕೊಂಡ ಹುಡುಗನ್ನ ಎಂದೂ ಹೊರಗ ನಿಲ್ಲಿಸಿಲ್ಲ. ಇವರ ಇರ್ಲಿ." ನನ್ನ ಕಡೆ ತಿರುಗಿ, "ಇನ್ನ ಮ್ಯಾಲ ತಿಳೀಲಿಲ್ಲಂದ್ರ ಕೇಳಿ ಹೇಳ್ರಿ ಸರ" ಎಂದರು. ಅದನ್ನೂ ಇಂಗ್ಲಿಷಿಗೆ ತರಬೇಕಾಯಿತು. ಬೆಳಗಿನಿಂದ ಕೀಬೋರ್ಡಿನಿಂದ ತಲೆ ಎತ್ತದಿದ್ದ ಗುಮಾಸ್ತೆ ನನ್ನ ಕಡೆ ನೋಡಿದಳು. ಐವತ್ತು ದಾಟಿದ ನನ್ನ ಕಿವಿ ಬಿಸಿಯಾಯಿತು.

ವಕೀಲರು ಬಿಡಲಿಲ್ಲ. ಅವರ ಕೆಲಸವೇ ಅದು, ನಾನು ದೂರುವುದಿಲ್ಲ. ಇದೆಲ್ಲ ಅನುಕೂಲಕ್ಕೆ ತಕ್ಕ ತಿದ್ದುಪಡಿ ಎಂದರು. ಆಗ ನ್ಯಾಯಾಧೀಶರು ಹಿಂದಿನ ಸಾಲಿನಲ್ಲಿ ಕೂತಿದ್ದ ಸೂಪರ್ ಅವರನ್ನು ಮತ್ತೆ ಕರೆದರು. ಆ ಬಾಲ್ಕನಿಗೆ ಎಂದಾದರೂ ಹೋಗಿದ್ದಿರಾ?

"ಹೋಗಿದ್ದೆ. ಮಳೆನೀರಿನ ಕೊಳವೆ ಕಟ್ಟಿಕೊಂಡಿತ್ತು. ಎರಡನೆಯ ಸಲ ಹೊಗೆ ಕಂಡ ಮರುದಿನ."

"ಅಲ್ಲಿ ಏನು ನೋಡಿದಿರಿ?"

"ಒಂದು ಕುರ್ಚಿ. ಒಂದು ಕಂಬಳಿ. ಬಕೆಟ್ಟು ಒಂದು, ವಾಂತಿಗೆ ಇಡುತ್ತಾರಲ್ಲ, ಅಂಥದ್ದು. ಒಳಗೆ ಒಬ್ಬರು ಗಂಡಸು ಮಲಗಿದ್ದರು. ತಲೆಯಲ್ಲಿ ಕೂದಲಿರಲಿಲ್ಲ. ಈ ಹೆಂಗಸು ನನಗೆ ಚಹಾ ಕೊಟ್ಟರು."

"ಇದನ್ನು ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ಹೊಗೆ ಬಿಡುವಾಗ ಯಾರು ಅಂತ ಕೇಳಿದರು. ಹೊಗೆ ಬಿಡುವಾಗ ನಾನು ಅಂಗಳದಲ್ಲಿದ್ದೆ." ವಕೀಲರ ಕಡೆ ಒಮ್ಮೆ ನೋಡಿ, "ಕುರ್ಚಿ ಎಷ್ಟಿತ್ತು ಅಂತ ಯಾರೂ ಕೇಳಲಿಲ್ಲ" ಎಂದರು.

ಬೆಳಗಿನ ಉತ್ತರವನ್ನು ಕಡತದಿಂದ ತೆಗೆದು ಪ್ರಶ್ನೆಯನ್ನು ಮತ್ತೆ ಕೇಳಬೇಕೆಂದು ನ್ಯಾಯಾಧೀಶರು ಹೇಳಿದರು. ಆ ಬಾಲ್ಕನಿಯಲ್ಲಿ ಸೇದುವವರು ಯಾರು? ನಮ್ಮ ಮನಿಯವ್ರು ಸೇದ್ತಾರ್ರೀ. ಈ ಸಲ ನಾನು ಇಂಗ್ಲಿಷಿಗೆ ಹೋಗುವ ಮೊದಲು ನಿಲ್ಲಿಸಿ, ದುಭಾಷಿ ಸ್ಪಷ್ಟನೆ ಕೇಳುತ್ತಾನೆ ಎಂದು ಹೇಳಿ, ಮನೆಯವರು ಎಂದರೆ ಯಾರು ಎಂದು ಅವರನ್ನೇ ಕೇಳಿದೆ. "ನನ್ನ ಗಂಡ" ಎಂದರು. "ಮೈ ಹಸ್ಬೆಂಡ್ ಸ್ಮೋಕ್ಸ್." ಮೂರು ಪದ.

ಆಮೇಲೆ ನ್ಯಾಯಾಧೀಶರು ತಾವೇ ಕೇಳಿದರು. ಕರಾರಿನಲ್ಲಿ ನಿಷೇಧ ಇದೆಯೆಂದು ನಿಮಗೆ ಗೊತ್ತಿತ್ತೇ?

ಗೊತ್ತಿತ್ತು ಎಂದರು ಟೀಚರ್. ಹೋದ ವರ್ಷ ಗಂಡನ ಕಾಯಿಲೆಯ ಸುದ್ದಿ ಬಂದಾಗ ವಿಸಿಟರ್ ವೀಸಾದಲ್ಲಿ ಬಂದಿದ್ದರು. ಗಂಡ ಇಪ್ಪತ್ತು ವರ್ಷದಿಂದ ಇಲ್ಲಿಯ ಪ್ರಜೆ, ಅವರೇ ಆಮೇಲೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿಸಿದ್ದರು. ಔಷಧದ ವಾಕರಿಕೆಯಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಸೇದಿದ ದಿನ ನಾಲ್ಕು ತುತ್ತು ಹೋಗುತ್ತಿತ್ತು. ಬಾಯಲ್ಲಿ ತಿನ್ನುವ ತರಹದ್ದು ಹತ್ತು ನಿಮಿಷದಲ್ಲಿ ವಾಂತಿಯಾಗುತ್ತಿತ್ತು.

"ಎಲ್ಲೆಲ್ಲಿ ಸೇದಬಾರದು ಅಂತ ನಾ ಬರಕೊಂಡೀನ್ರೀ. ಮನಿಯಾಗ ಬ್ಯಾಡ. ಬಾಲ್ಕನಿ ಮನೀದ ಭಾಗ, ಬ್ಯಾಡ. ಫುಟ್‌ಪಾತ್ ಬ್ಯಾಡ, ಪಾರ್ಕ್ ಬ್ಯಾಡ, ಕಾರಿನ್ಯಾಗ ಬ್ಯಾಡ. ಸ್ವಂತ ಮನಿ ಇದ್ದವರು ತಮ್ಮ ಅಂಗಳದಾಗ ಕೂತು ಸೇದಬಹುದು. ಬಾಡಿಗಿ ಮನಿಯವರಿಗೆ ಕೊಳ್ಳಾಕ ಬಿಡ್ತಾರ, ಇಟಗೊಳ್ಳಾಕ ಬಿಡ್ತಾರ, ಸೇದಾಕ ಎಲ್ಲಿ ಹೋಗಬೇಕ್ರೀ?"

ಇಂಗ್ಲಿಷಿಗೆ ತಂದೆ. ನ್ಯಾಯಾಧೀಶರು "ನೀವು ಎಲ್ಲಿಗೆ ಹೋದಿರಿ?" ಎಂದು ಕೇಳಿದರು.

ಫೋರ್ಟ್ ಲೀಯ ಪಕ್ಕದ ನದಿಯ ಸೇತುವೆ ದಾಟಿ, ಆಚೆ ದಡದ ನ್ಯೂಯಾರ್ಕಿಗೆ ಹೋದರು. ನ್ಯೂಯಾರ್ಕಿನಲ್ಲಿ ಸಿಗರೇಟು ಸೇದಬಹುದಾದ ಬೀದಿಯಲ್ಲಿ ಇದನ್ನೂ ಸೇದಬಹುದು ಎಂದು ಟೀಚರ್ ಯಾರಿಂದಲೋ ಕೇಳಿ, ಅರ್ಥವಾಗುವಷ್ಟು ಓದಿಸಿಕೊಂಡು ಖಚಿತ ಮಾಡಿಕೊಂಡಿದ್ದರು. ಗಂಡನ ತೋಳು ಹಿಡಿದು ಸೇತುವೆಯ ಕಾಲುದಾರಿಯಲ್ಲಿ ನಡೆಯುವುದು. ಸೇತುವೆಯ ಮೇಲೆ ಸೇದುವ ಹಾಗಿಲ್ಲ. ಆ ದಡದಲ್ಲಿ ಪರವಾನಗಿ ಇದ್ದ ಅಂಗಡಿಯಿಂದ ಗಂಡ ಸಿಗರೇಟಿನಂತೆ ಸುತ್ತಿದ್ದು ಒಂದೇ ಒಂದು ಕೊಳ್ಳುವುದು. ಪಾರ್ಕಿನ ಬೇಲಿ ಬಿಟ್ಟು, ಶಾಲೆ ಬಿಟ್ಟು, ಹೋಟೆಲಿನ ಬಾಗಿಲು ಬಿಟ್ಟು, ಒಂದು ಮೋಟು ಗೋಡೆಯ ಹತ್ತಿರ ನಿಂತು ಸೇದುವುದು. ಟೀಚರ್ ಗಾಳಿ ಬರುವ ಕಡೆಗೆ ಹತ್ತು ಹೆಜ್ಜೆ ದೂರ ನಿಲ್ಲುತ್ತಿದ್ದರು, ಹೊಗೆ ತಮ್ಮ ಕೋಟಿಗೂ ತಾಗದ ಹಾಗೆ. ಮಿಕ್ಕಿದ್ದನ್ನು ನದಿ ದಾಟಿಸುವಂತಿಲ್ಲ, ರಾಜ್ಯದಿಂದ ರಾಜ್ಯಕ್ಕೆ ಒಯ್ದರೆ ಅದು ಕೇಂದ್ರದ ಅಪರಾಧ. ಮಿಕ್ಕಿದರೆ ಆರಿಸಿ ಅಲ್ಲೇ ಕಸದ ಡಬ್ಬಿಗೆ. ಗಂಡನ ಎರಡೂ ಜೇಬನ್ನು ಹೊರಗೆ ಎಳೆಸಿ ನೋಡಿ, ಆಮೇಲೆ ವಾಪಸು. ಕಾನೂನು ಓದಿದವರಿಗೂ ಗೊಂದಲವಾಗುವ ಆ ಗಡಿಯನ್ನು, ಇಂಗ್ಲಿಷ್ ಬಾರದ ಈ ಹೆಂಗಸು ಮಗ್ಗಿಯ ಹಾಗೆ ಒಪ್ಪಿಸಿದರು. ನನ್ನ ಬಾಯಿಂದ ಅದು ಇಂಗ್ಲಿಷಿನಲ್ಲಿ ಬರುವಾಗ ವಕೀಲರು ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

"ದೀಪಾವಳಿ ಮುಂದ ಅವರ ಕಾಲು ಸೋತ್ವು. ಬಸ್ಸಿನ್ಯಾಗ ಹೋದ್ವಿ. ಚಳಿ ಬಂದಮ್ಯಾಲ ಬಸ್ಸೂ ಆಗ್ಲಿಲ್ಲ. ನಾಲ್ಕು ಸಲ ಬಾಲ್ಕನಿಯಾಗ ಸೇದ್ಯಾರ. ಆ ಸೂಪರ್ ಅಣ್ಣಾರು ಹೇಳಿದ್ದು ಬರೋಬ್ಬರಿ ಐತಿ. ತಪ್ಪು ನಮ್ದ."

ನ್ಯಾಯಾಧೀಶರು ತಮ್ಮ ಕಾಗದ ನೋಡಿದರು. ಕರಾರು ಮುರಿದದ್ದು ನಿಜ, ಒಬ್ಬರು, ನಾಲ್ಕು ಸಲ, ಎಂದು ಕಡತಕ್ಕೆ ಹೇಳಿದರು. ಸಾಕ್ಷಿ ತಾವು ಸೇದಿಲ್ಲ ಎಂದು ಪ್ರಮಾಣದ ಮೇಲೆ ಹೇಳಿದ್ದನ್ನೂ, ಅದಕ್ಕೆ ವಿರುದ್ಧವಾಗಿ ಏನೂ ಇಲ್ಲವೆಂಬುದನ್ನೂ ಬೇರೆಯಾಗಿ, ನಿಧಾನವಾಗಿ ಹೇಳಿದರು. ಅದು ಆ ದಾವೆಗೆ ಬೇಕಿರಲಿಲ್ಲ. ಅವರಿಗೆ ಎಲ್ಲವೂ ಅರ್ಥವಾಗಿತ್ತು ಎಂದು ನಾನು ನಂಬಿದ್ದೇನೆ. ಆಮೇಲೆ ಎರಡೂ ಕಡೆಯವರು ಕಾರಿಡಾರಿಗೆ ಹೋಗಿ ರಾಜಿಗೆ ಬರಬಹುದೇ ನೋಡಿ ಎಂದರು.

ರಾಜಿ ಅರ್ಧ ಗಂಟೆಯಲ್ಲಿ ಆಯಿತು. ಕಟ್ಟಡದಲ್ಲಿ ಇನ್ನು ಹೊಗೆ ಇಲ್ಲ, ಮನೆ ಬಿಡಬೇಕಾಗಿಲ್ಲ. ಒಪ್ಪಂದದ ಪ್ರತಿಯೊಂದು ಸಾಲನ್ನೂ ನಾನು ಓದಿ ಕನ್ನಡದಲ್ಲಿ ಹೇಳಿದೆ. ಎರಡು ಕಡೆ ಟೀಚರ್ ತಡೆದರು, ಎರಡು ಕಡೆಯೂ ಮತ್ತೆ ಹೇಳಿದೆ. ಸಹಿ ಹಾಕುವಾಗ ಅವರ ಎಡಗೈ ಬೆರಳಿನಲ್ಲಿ ಸಣ್ಣ ಚಿನ್ನದ ಉಂಗುರ ಕಂಡಿತು. ಬೆಳಿಗ್ಗೆ ಒಂಬತ್ತರಿಂದ ಅದು ಅಲ್ಲೇ ಇತ್ತು.

ಇಂಟರ್‌ವ್ಯೂಗೆ ಬೆಳಗಿನ ಔಷಧ ಬಿಟ್ಟು ಎದ್ದು ಬಂದ ಗಂಡ ಗಾಲಿಕುರ್ಚಿಯಲ್ಲಿ ಅವರ ಪಕ್ಕ ಕೂತಿದ್ದರಂತೆ. ಗಾಂಜಾ ಬಗ್ಗೆ ಅಧಿಕಾರಿ ಕೇಳಿಯೇ ಕೇಳಿದರು. ಟೀಚರ್ ತಿದ್ದಿದ ಕಡತದ ಪ್ರತಿಯನ್ನು ಮುಂದಿಟ್ಟರು. ಕಾರ್ಡು ಬೇಸಿಗೆಯಲ್ಲಿ ಅಂಚೆಯಲ್ಲಿ ಬಂತು. ಗಂಡ ಅಕ್ಟೋಬರಿನಲ್ಲಿ, ಅದೇ ಒಂಬತ್ತನೆಯ ಮಹಡಿಯ ಮನೆಯಲ್ಲಿ ತೀರಿಕೊಂಡರು. ಅವರನ್ನು ನಾನು ನೋಡಲಿಲ್ಲ.

ಇದನ್ನು ಕಂಡವರು ಯಾರು ಯಾರು ಎಂದು ಬರೆದು ಮುಗಿಸುತ್ತೇನೆ. ಕೋಣೆಯಲ್ಲಿ ನಾವು ಆರು ಜನ ಇದ್ದೆವು. ನ್ಯಾಯಾಧೀಶರು ನಿವೃತ್ತರಾಗಿದ್ದಾರೆ, ಇದ್ದಾರೆ. ವಕೀಲರು ಇದ್ದಾರೆ, ಅದೇ ಕೋರ್ಟಿನಲ್ಲಿ ಒಮ್ಮೊಮ್ಮೆ ಎದುರಾಗಿ ತಲೆ ಬಾಗಿಸುತ್ತಾರೆ. ಗುಮಾಸ್ತೆ ಬೇರೆ ಕೌಂಟಿಗೆ ವರ್ಗವಾಗಿ ಹೋಗಿದ್ದಾಳೆ. ಸೂಪರ್ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಸಾಕ್ಷ್ಯ ಇಂಗ್ಲಿಷಿನಲ್ಲಿದೆ, ಯಾರು ಬೇಕಾದರೂ ತೆಗೆದು ಓದಬಹುದು. ಅಂದು ಆಡಿದ ಕನ್ನಡವನ್ನು ಕೇಳಿ ತಿಳಿದವರು ಇಬ್ಬರೇ. ಒಬ್ಬನು ನಾನು. ಇನ್ನೊಬ್ಬರು ಟೀಚರ್. ಅವರು ಫೋರ್ಟ್ ಲೀಯಲ್ಲಿದ್ದಾರೆ, ಆರೋಗ್ಯವಾಗಿದ್ದಾರೆ.